ದುಡಿಯುವ ಕತ್ತೆ, ಹೇಸರಗತ್ತೆಗಳಲ್ಲಿ ಗ್ಲಾಂಡರ್ಸ್: ರೋಗ ಎಷ್ಟಿದೆ, ನಮ್ಮ ಲೆಕ್ಕಕ್ಕೆ ಸಿಗುತ್ತಿರುವುದು ಎಷ್ಟು?

ಗಡಿಜಿಲ್ಲೆಯ ಪಶುವೈದ್ಯ

ಕೇದಾರನಾಥಕ್ಕೆ ಹೊರಟಿರುವ ಸದಸ್ಯರೊಬ್ಬರು "ಅಲ್ಲಿನ ಹೇಸರಗತ್ತೆಗಳಿಗೆ ಏನೋ ರೋಗವಂತೆ, ಹತ್ತಬಹುದೇ?" ಎಂದು ಇಲ್ಲಿ ಕೇಳಿದ್ದರು. ಎರಡು ಸಾಲಿನಲ್ಲಿ ಉತ್ತರಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಪ್ರತ್ಯೇಕ ಚರ್ಚೆ ಆರಂಭಿಸುತ್ತಿದ್ದೇನೆ.

2025ರ ಮೇ ಮೊದಲ ವಾರ ಆ ಯಾತ್ರಾಮಾರ್ಗದಲ್ಲಿ ಎರಡೇ ದಿನಗಳಲ್ಲಿ ಹನ್ನೆರಡಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಸಂಚಾರವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದಕ್ಕೂ ಮೊದಲು ರುದ್ರಪ್ರಯಾಗ ಜಿಲ್ಲೆಯಲ್ಲಿ ಕುದುರೆಗಳ ಫ್ಲೂ ಕಾಣಿಸಿಕೊಂಡಿತ್ತು. ಅದು ವೈರಸ್ಸಿನ ರೋಗ. ಆದರೆ ಸಾವುಗಳ ಹಿಂದೆ ಬ್ಯಾಕ್ಟೀರಿಯಾ ಸೋಂಕು ಇರಬಹುದೆಂಬ ಶಂಕೆಯನ್ನು ಅಧಿಕಾರಿಗಳೇ ಹೇಳಿದರು. ಪತ್ರಿಕೆಗಳಲ್ಲಿ ಸುದ್ದಿ ಒಂದು ವಾರ ಓಡಿತು, ಆಮೇಲೆ ನಿಂತಿತು. ಹೇರು ಹೊರುವ ಪ್ರಾಣಿಗಳ ರೋಗದ ಬಗ್ಗೆ ನಾವು ಮಾತನಾಡುವುದೇ ಹೀಗೆ, ಅವು ಸತ್ತು ದಾರಿಗೆ ಅಡ್ಡ ಬಿದ್ದಾಗ ಮಾತ್ರ.

ನನಗೆ ಹೆಚ್ಚು ಆತಂಕ ಇರುವುದು ಗ್ಲಾಂಡರ್ಸ್ ಬಗ್ಗೆ. ಬರ್ಕ್‌ಹೋಲ್ಡೇರಿಯಾ ಮ್ಯಾಲೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಈ ರೋಗ ಕುದುರೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಳಗೊಳಗೇ ಇರುತ್ತದೆ. ಕತ್ತೆಗೆ ಬಂದರೆ ಅಷ್ಟು ಕಾಲಾವಕಾಶ ಕೊಡುವುದಿಲ್ಲ. ವಿಪರೀತ ಜ್ವರ, ಉಸಿರಾಟಕ್ಕೆ ಕಷ್ಟ, ಮೂಗಿನಿಂದ ಹಳದಿ-ಹಸಿರು ಬಣ್ಣದ ಅಂಟು ಸಿಂಬಳ. ಹೊಳ್ಳೆಯನ್ನು ಅಗಲಿಸಿ ಬೆಳಕು ಬಿಟ್ಟು ನೋಡಿದರೆ ಒಳಗಿನ ನಡುಗೋಡೆಯ ಮೇಲೆ ಸಣ್ಣ ಗಂಟುಗಳು ಒಡೆದು ಹುಣ್ಣಾಗಿರುವುದು ಕಾಣುತ್ತದೆ. ಮಾಸಿದ ಹುಣ್ಣು ನಕ್ಷತ್ರದಾಕಾರದ ಕಲೆ ಉಳಿಸುತ್ತದೆ. ದವಡೆಯ ಕೆಳಗೆ ಕೈಯಿಟ್ಟರೆ ಗಟ್ಟಿಯಾದ, ಅಲುಗದ ಗಡ್ಡೆ ಸಿಗುತ್ತದೆ. ಚರ್ಮದ ಬಗೆಯದಾದರೆ ಹಿಂಗಾಲಿನ ಒಳಬದಿಯಲ್ಲಿ ಸಾಲುಗಂಟುಗಳೆದ್ದು ಒಡೆದು ಜೇನಿನ ಬಣ್ಣದ ಕೀವು ಸುರಿಯುತ್ತದೆ.

ಇದಕ್ಕೆ ಲಸಿಕೆ ಇಲ್ಲ. ಪ್ರಾಣಿಗೆ ಚಿಕಿತ್ಸೆ ಕೊಡಲು ಅವಕಾಶವೂ ಇಲ್ಲ, ಖಚಿತವಾದರೆ ದಯಾಮರಣವೇ. ಮನುಷ್ಯರಿಗೂ ಹರಡುವ ರೋಗವಾದ್ದರಿಂದ ಈ ಕಟ್ಟುನಿಟ್ಟು ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ಬೇರೆ. "ನಮ್ಮಲ್ಲಿ ಗ್ಲಾಂಡರ್ಸ್ ಅಪರೂಪ" ಎಂದು ನಾವು ಹೇಳುವಾಗ ಆ ಮಾತಿನ ಹಿಂದಿರುವುದು ರಕ್ತಪರೀಕ್ಷೆಯ ಶಿಬಿರಕ್ಕೆ ಬಂದ ಪ್ರಾಣಿಗಳ ಲೆಕ್ಕ ಮಾತ್ರ. ಶಿಬಿರಕ್ಕೆ ಬಾರದ ಪ್ರಾಣಿಗಳ ಲೆಕ್ಕ ಯಾರಲ್ಲಿಯೂ ಇಲ್ಲ. ಕತ್ತೆ ಸಾಕುವವನು ಅದನ್ನು ಹೆದರದೆ ಹೊಡೆದುಕೊಂಡು ಬರುವಂತಾಗುವವರೆಗೆ ರೋಗದ ಪ್ರಮಾಣದ ಬಗ್ಗೆ ನಾವು ಕೊಡುವ ಯಾವ ಅಂಕಿಯೂ ಅರೆಬರೆಯದ್ದೇ.

ಅನುಭವ ಇರುವವರು ಬರೆಯಿರಿ. ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು, ಕತ್ತೆ ಸಾಕಿದ ಮನೆಯವರು ಇಬ್ಬರೂ ಬೇಕು.

ಚಾರ್‌ಧಾಮ್ ಹೊರಟವಳು

ಡಾಕ್ಟರೇ, ಆ ಪ್ರಶ್ನೆ ಕೇಳಿದ್ದು ನಾನೇ. ನಮ್ಮ ಅತ್ತೆಗೆ ಮಂಡಿ ನೋವು, ಗೌರಿಕುಂಡದಿಂದ ಮೇಲಕ್ಕೆ ನಡೆಯಲು ಆಗುವುದಿಲ್ಲ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ನೇರವಾಗಿ ಹೇಳಿ, ಹತ್ತಿಸಬಹುದೇ?

ಗಡಿಜಿಲ್ಲೆಯ ಪಶುವೈದ್ಯ

ಹತ್ತಿಸಬಹುದು ಮೇಡಂ. ಮನುಷ್ಯರಿಗೆ ಗ್ಲಾಂಡರ್ಸ್ ಬಂದಿರುವುದು ಬಹುಪಾಲು ಪ್ರಾಣಿಯೊಂದಿಗೆ ನಿತ್ಯ ಒಡನಾಡುವವರಿಗೆ, ಸತ್ತ ಪ್ರಾಣಿಯನ್ನು ಕೊಯ್ಯುವವರಿಗೆ, ಪ್ರಯೋಗಾಲಯದಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸುವವರಿಗೆ. ಕೆಲವು ಗಂಟೆ ಮೇಲೆ ಕುಳಿತು ಹೋಗುವವರಿಗೆ ಅಪಾಯ ತೀರಾ ಕಡಿಮೆ.

ಆದರೂ ಹತ್ತಿಸುವ ಮೊದಲು ಪ್ರಾಣಿಯ ಮೂಗು ನೋಡಿ. ಒಂದು ಹೊಳ್ಳೆಯಿಂದಾದರೂ ದಪ್ಪ ಸಿಂಬಳ ಸುರಿಯುತ್ತಿದ್ದರೆ, ಅದಕ್ಕೆ ಮೇವಿನ ಹೊಟ್ಟು ಅಂಟಿಕೊಂಡಿದ್ದರೆ ಆ ಪ್ರಾಣಿ ಬೇಡ. ಜೀನಿನ ಕೆಳಗೆ, ಕಾಲಿನ ಮೇಲೆ ಹಸಿ ಗಾಯ ಇದ್ದರೂ ಬೇಡ. ಇದು ಅತ್ತೆಯವರ ಸುರಕ್ಷತೆಗಷ್ಟೇ ಅಲ್ಲ, ಗಾಯಗೊಂಡ ಪ್ರಾಣಿಯ ಮೇಲೆ ಭಾರ ಹೇರಬಾರದು ಎಂಬ ಕಾರಣಕ್ಕೂ. ನಿಮ್ಮ ಕೈಯಲ್ಲಿ ತೆರೆದ ಗಾಯ ಇದ್ದರೆ ಅದರ ಮೋರೆ ಮುಟ್ಟಬೇಡಿ, ಇಳಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಸಕ್ಕರೆ ಕಾಯಿಲೆ ಇರುವವರಿಗೆ ಈ ಎಚ್ಚರ ತುಸು ಹೆಚ್ಚೇ ಬೇಕು. ಸಂಶಯ ಬಂದರೆ ದಾರಿಯಲ್ಲಿರುವ ಪಶುವೈದ್ಯಕೀಯ ಸಿಬ್ಬಂದಿಗೆ ತಿಳಿಸಿ.

ಸೀರಂ ಮೇಜು

ನಾನು ರೋಗಪತ್ತೆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಸಂಖ್ಯೆಗಳ ಬಗ್ಗೆ ಡಾಕ್ಟರ್ ಹೇಳಿದ್ದಕ್ಕೆ ಎರಡು ವಿಷಯ ಸೇರಿಸಬೇಕು. ಎರಡೂ ಕತ್ತೆಗೇ ವಿಶೇಷವಾಗಿ ಅನ್ವಯಿಸುತ್ತವೆ.

ಮೊದಲನೆಯದು: ಸಮೀಕ್ಷೆ ಎಂದರೆ ಒಂದು ದಿನ ಹೋಗಿ, ಆ ದಿನ ಬದುಕಿರುವ ಪ್ರಾಣಿಗಳ ರಕ್ತ ತೆಗೆಯುವುದು. ಕುದುರೆಯಲ್ಲಿ ರೋಗ ದೀರ್ಘಕಾಲ ಇರುವುದರಿಂದ ನಾವು ಹೋದ ದಿನ ಸೋಂಕಿತ ಕುದುರೆ ಅಲ್ಲಿ ನಿಂತಿರುವ ಸಾಧ್ಯತೆ ಹೆಚ್ಚು. ಕತ್ತೆ ಸೋಂಕು ತಗುಲಿ ಕೆಲವೇ ದಿನ ಅಥವಾ ವಾರಗಳಲ್ಲಿ ಸಾಯುತ್ತದೆ. ನಾವು ಹೋಗುವ ಹೊತ್ತಿಗೆ ಅದನ್ನು ಹೂತು ಆಗಿರುತ್ತದೆ. ಹೀಗಾಗಿ ವರದಿಯಲ್ಲಿ ಕತ್ತೆಗಳ ಸೋಂಕಿನ ಪ್ರಮಾಣ ಕುದುರೆಗಿಂತ ಕಡಿಮೆ ಎಂದು ಬಂದರೆ "ಕತ್ತೆ ಗಟ್ಟಿ ಪ್ರಾಣಿ, ರೋಗ ತಾಗುವುದಿಲ್ಲ" ಎಂದು ಓದಿಕೊಳ್ಳುವವರಿದ್ದಾರೆ. ಅದು ತೀರಾ ತಲೆಕೆಳಗಾದ ಓದು. ಗ್ಲಾಂಡರ್ಸ್‌ಗೆ ಅತಿ ಬೇಗ ಬಲಿಯಾಗುವುದು ಕತ್ತೆಯೇ, ಹೇಸರಗತ್ತೆ ಅದರ ನಂತರ.

ಎರಡನೆಯದು ಪರೀಕ್ಷೆಯದ್ದು. ಹಳೆಯ, ಅಂತರರಾಷ್ಟ್ರೀಯ ಮಾನ್ಯತೆಯುಳ್ಳ ಪರೀಕ್ಷೆ ಕಾಂಪ್ಲಿಮೆಂಟ್ ಫಿಕ್ಸೇಶನ್. ಪರೀಕ್ಷೆಗೆ ಬೆರೆಸುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನು ಖರ್ಚಾಯಿತೇ ಎಂದು ನೋಡಿ, ರಕ್ತದಲ್ಲಿ ರೋಗದ ಪ್ರತಿಕಾಯ ಇದೆಯೇ ಎಂದು ಅದು ಹೇಳುತ್ತದೆ. ಕತ್ತೆ ಮತ್ತು ಹೇಸರಗತ್ತೆಗಳ ಸೀರಂ, ಅಂದರೆ ರಕ್ತದ ತಿಳಿ ಭಾಗ, ಈ ಪರೀಕ್ಷೆಗೆ ಬಹಳ ತೊಡಕು ಕೊಡುತ್ತದೆ. ರೋಗ ಇರಲಿ ಬಿಡಲಿ, ಸೀರಂ ತಾನೇ ಕಾಂಪ್ಲಿಮೆಂಟನ್ನು ಹಿಡಿದುಕೊಂಡು ಫಲಿತಾಂಶವನ್ನು ಓದಲಾಗದಂತೆ ಮಾಡುತ್ತದೆ. ಆಗ ಮತ್ತೊಮ್ಮೆ ರಕ್ತ ತರಿಸಬೇಕು. ಆ ಪ್ರಾಣಿ ಅಷ್ಟರಲ್ಲಿ ಎಲ್ಲಿರುತ್ತದೆ ಎಂದು ಯಾರು ಹೇಳಬೇಕು? ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಮರುಸಂಯೋಜಿತ (ಪ್ರಯೋಗಾಲಯದಲ್ಲಿ ತಯಾರಿಸಿದ) ಪ್ರೋಟೀನ್ ಬಳಸುವ ಎಲೈಸಾ ಎಂಬ ಪ್ರತಿಕಾಯ ಪರೀಕ್ಷೆಯನ್ನು ರೂಪಿಸಿದ ಮೇಲೆ ನಮ್ಮ ಕೆಲಸ ಸಾಕಷ್ಟು ಸುಧಾರಿಸಿದೆ. ಒಂದೇ ತಟ್ಟೆಯಲ್ಲಿ ಹತ್ತಾರು ಮಾದರಿ ನೋಡಬಹುದು, ಧನಾತ್ಮಕ ಬಂದದ್ದನ್ನು ಮತ್ತೆ ದೃಢಪಡಿಸಿಕೊಳ್ಳಬಹುದು.

ದೃಢಪಡಿಸಿಕೊಳ್ಳುವುದು ಯಾಕೆ ಬೇಕು ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕ. ಒಂದು ತಾಲೂಕಿನಲ್ಲಿ 1,000 ಕತ್ತೆಗಳಿದ್ದು ನಿಜವಾಗಿ ಸೋಂಕಿರುವುದು 2ಕ್ಕೆ ಎಂದುಕೊಳ್ಳಿ. ಪರೀಕ್ಷೆ ಆರೋಗ್ಯವಂತ ಪ್ರಾಣಿಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಧನಾತ್ಮಕ ಎನ್ನುತ್ತದೆ ಎಂದುಕೊಳ್ಳಿ. ಕೇಳಲು ಬಹಳ ಒಳ್ಳೆಯ ಪರೀಕ್ಷೆ. ಆದರೂ 998ರಲ್ಲಿ ಸುಮಾರು 10 ತಪ್ಪು, ನಿಜವಾದವು 2, ಒಟ್ಟು 12 ಧನಾತ್ಮಕ. ಮೊದಲ ಫಲಿತಾಂಶವನ್ನೇ ನಂಬಿದರೆ ಎರಡು ರೋಗಗ್ರಸ್ತ ಪ್ರಾಣಿಗಳ ಜೊತೆ ಹತ್ತು ನಿರೋಗಿಗಳನ್ನೂ ಕೊಂದಂತಾಗುತ್ತದೆ. ರೋಗ ಅಪರೂಪವಾದಷ್ಟೂ ಈ ತಪ್ಪಿನ ಪಾಲು ಹೆಚ್ಚು. ಒಂದು ಕತ್ತೆಯ ಮೇಲೆ ಒಂದು ಮನೆ ನಡೆಯುವಾಗ ಎರಡನೆಯ ಪರೀಕ್ಷೆಯನ್ನು ಯಾರೂ ದುಬಾರಿ ಎನ್ನಬಾರದು.

ತಡಿ ಹೊತ್ತ ಮನೆ

ನಾನು ಮಡಿವಾಳರ ಮನೆಯವನು. ನಮ್ಮ ಅಜ್ಜನ ಕಾಲಕ್ಕೆ ಕೆರೆಗೆ ಬಟ್ಟೆ ಹೊರಲು ಕತ್ತೆಗಳಿದ್ದವು. ಈಗ ದೊಡ್ಡಪ್ಪನ ಮನೆಯಲ್ಲಿ ಎರಡು ಮಾತ್ರ ಇವೆ, ಮರಳು ಮತ್ತು ಇಟ್ಟಿಗೆ ಹೊರುತ್ತವೆ. ಸಂದು ದಾರಿ, ಟ್ರ್ಯಾಕ್ಟರ್ ಹೋಗದ ಕಡೆ ಮನೆ ಕಟ್ಟುವವರಿಗೆ ಈಗಲೂ ಕತ್ತೆಯೇ ಬೇಕು.

ಡಾಕ್ಟರ್ "ಹೆದರದೆ ಬರುವಂತಾಗಬೇಕು" ಎಂದರು. ಯಾಕೆ ಹೆದರುತ್ತಾರೆ ಎಂದು ನಾನು ಹೇಳುತ್ತೇನೆ. ಒಮ್ಮೆ ದೊಡ್ಡಪ್ಪನ ಕತ್ತೆಗೆ ಜ್ವರ ಬಂದು ಮೂಗು ಸುರಿಯಿತು. ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ರಕ್ತ ತೆಗೆದರು, "ಇದನ್ನು ಎಲ್ಲಿಗೂ ಹೊರಡಿಸಬೇಡಿ" ಎಂದರು. ಒಪ್ಪಿದೆವು. ವಾರ ಕಳೆಯಿತು, ಎರಡು ವಾರ ಕಳೆಯಿತು, ಫಲಿತಾಂಶ ಬರಲಿಲ್ಲ. ಹೋಗಿ ಕೇಳಿದರೆ "ಬಂದಾಗ ಹೇಳುತ್ತೇವೆ". ಕತ್ತೆ ತಾನಾಗಿಯೇ ಗುಣವಾಯಿತು, ಹಾಗಾಗಿ ಅದು ಗ್ಲಾಂಡರ್ಸ್ ಆಗಿರಲಿಲ್ಲ ಎಂದು ಈಗ ಈ ಚರ್ಚೆ ಓದಿ ಅಂದುಕೊಳ್ಳುತ್ತೇನೆ. ಆದರೆ ಅಷ್ಟು ದಿನದ ದುಡಿಮೆ ಹೋಯಿತು. ದೊಡ್ಡಮ್ಮ ಸಂಘದ ಸಾಲದ ಕಂತಿಗೆ ಓಲೆ ಅಡವಿಟ್ಟರು.

ಇನ್ನೊಂದು ಸಲ ಅದಕ್ಕೆ ಜ್ವರ ಬಂದರೆ ದೊಡ್ಡಪ್ಪ ಏನು ಮಾಡುತ್ತಾರೆ ಎಂದು ಕೇಳಿ. ದಲ್ಲಾಳಿಗೆ ಫೋನ್ ಮಾಡುತ್ತಾರೆ. ಅರ್ಧ ಬೆಲೆಗೆ ರಾತ್ರಿಯೇ ಗಾಡಿ ಹತ್ತಿಸುತ್ತಾರೆ. ಅದು ಎಲ್ಲಿಗೆ ಹೋಗುತ್ತದೋ, ಯಾವ ತೊಟ್ಟಿಯಲ್ಲಿ ನೀರು ಕುಡಿಯುತ್ತದೋ ನಮಗೆ ಗೊತ್ತಾಗುವುದಿಲ್ಲ. ಇದು ತಪ್ಪು ಎಂದು ದೊಡ್ಡಪ್ಪನಿಗೂ ಗೊತ್ತು.

ಹಳೆಯ ಕಡತ

ಈ ಹೆದರಿಕೆ ಹೊಸದಲ್ಲ, ಅದಕ್ಕೆ ಪರಿಹಾರವೂ ಹೊಸದಲ್ಲ. ಲಂಡನ್ನಿನಲ್ಲಿ ಟ್ರಾಮು, ಬಾಡಿಗೆ ಗಾಡಿ ಎಲ್ಲವನ್ನೂ ಕುದುರೆಗಳೇ ಎಳೆಯುತ್ತಿದ್ದ ಕಾಲದಲ್ಲಿ ಗ್ಲಾಂಡರ್ಸ್ ಅಲ್ಲಿ ಮನೆಮಾಡಿತ್ತು. 1882ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಶುಟ್ಸ್ ರೋಗಾಣುವನ್ನು ಗುರುತಿಸಿದರು. 1890ರ ದಶಕದಲ್ಲಿ ರೋಗಾಣುವಿನ ಸಾರವನ್ನು ಚುಚ್ಚಿ ನೋಡುವ ಮ್ಯಾಲಿನ್ ಪರೀಕ್ಷೆಯೂ ಬಂತು. ರೆಪ್ಪೆಗೆ ಚುಚ್ಚಿ ಊತ ಬರುತ್ತದೆಯೇ ಎಂದು ನೋಡುವ ಪದ್ಧತಿ ಅದರಿಂದಲೇ ಬೆಳೆದದ್ದು. ವಿಜ್ಞಾನ ಇತ್ತು, ಆದರೂ ರೋಗ ಇಳಿಯಲಿಲ್ಲ. ಧನಾತ್ಮಕ ಬಂದರೆ ಕುದುರೆ ಹೋಯಿತು ಎಂದು ಮಾಲೀಕರು ಮರೆಮಾಚುತ್ತಿದ್ದರು. 1907ರ ಆದೇಶದಲ್ಲಿ ಪರೀಕ್ಷೆಗೆ ಪ್ರತಿಕ್ರಿಯಿಸಿದ ಪ್ರಾಣಿಗಳಿಗೂ ಪರಿಹಾರ ಕೊಡುವ ಏರ್ಪಾಡಾಯಿತು. ಪ್ರಕರಣಗಳು ಇಳಿಯತೊಡಗಿದವು, 1928ರ ಹೊತ್ತಿಗೆ ಬ್ರಿಟನ್ನಿನಿಂದ ರೋಗವೇ ಮರೆಯಾಯಿತು. ಮೋಟಾರು ವಾಹನ ಬಂದು ಕುದುರೆಗಳ ಸಂಖ್ಯೆ ಕುಗ್ಗಿದ್ದೂ ಒಂದು ಕಾರಣ, ನಿಜ. ಆದರೆ ಪರಿಹಾರದ ಪಾತ್ರವನ್ನು ಕಡೆಗಣಿಸುವಂತಿಲ್ಲ.

ನಮ್ಮಲ್ಲಿ ಗ್ಲಾಂಡರ್ಸ್‌ಗೆಂದೇ 1899ರಲ್ಲಿ ಪ್ರತ್ಯೇಕ ಕಾಯಿದೆ ಬಂತು. ಅದು ರದ್ದಾಗಿ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯಿದೆ ಜಾರಿಗೆ ಬಂತು. ಖಚಿತಪಟ್ಟ ಪ್ರಾಣಿಗೆ ಪರಿಹಾರ ಕೊಡುವ ಅವಕಾಶ ಇದೆ. ತಡಿ ಹೊತ್ತ ಮನೆಯವರು ಹೇಳುತ್ತಿರುವುದು ಅದಕ್ಕೂ ಹಿಂದಿನ ಹಂತ: ಫಲಿತಾಂಶಕ್ಕಾಗಿ ಕಾಯುವ ದಿನಗಳಲ್ಲಿ ಆ ಮನೆ ಉಣ್ಣುವುದು ಹೇಗೆ?

ನೀರು-ನೈರ್ಮಲ್ಯ

ಎಲ್ಲರ ಕಳಕಳಿ ಅರ್ಥವಾಗುತ್ತದೆ. ಆದರೆ ನಾನು ಸಾರ್ವಜನಿಕ ಆರೋಗ್ಯ ಕ್ಷೇತ್ರದವನು, ಒಂದು ಮಾತು ಗಟ್ಟಿಯಾಗಿ ಹೇಳಬೇಕಾಗಿದೆ. ಪರಿಹಾರ ಸರಿಹೋಗುವವರೆಗೆ ಪ್ರಾಣಿಯನ್ನು ಉಳಿಸಿಕೊಳ್ಳಿ ಎಂಬ ಅರ್ಥ ಈ ಚರ್ಚೆಯಿಂದ ಹೊರಡಬಾರದು. 2000ದಲ್ಲಿ ಅಮೆರಿಕದ ಮೇರಿಲ್ಯಾಂಡಿನ ಸೇನಾ ಪ್ರಯೋಗಾಲಯದ ಸೂಕ್ಷ್ಮಜೀವಿ ವಿಜ್ಞಾನಿಯೊಬ್ಬರಿಗೆ ಗ್ಲಾಂಡರ್ಸ್ ತಗುಲಿತು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಸೋಂಕು ಯಕೃತ್ತು ಮತ್ತು ಗುಲ್ಮದಲ್ಲಿ ಕೀವುಗಡ್ಡೆ ಕಟ್ಟಿತು. ಅಷ್ಟು ಸೌಲಭ್ಯ ಇರುವ ಕಡೆಯೂ ಆರಂಭದಲ್ಲಿ ರೋಗ ಏನೆಂದು ಗೊತ್ತಾಗಲಿಲ್ಲ. ಕೊನೆಗೆ ಗುಣಮುಖರಾದರು. ಅದೇ ರೋಗ ಇಟ್ಟಿಗೆ ಭಟ್ಟಿಯ ಶೆಡ್ಡಿನಲ್ಲಿ ಕತ್ತೆಯ ಪಕ್ಕದಲ್ಲೇ ಮಲಗುವ ಕೂಲಿಗೆ ಬಂದರೆ? ಜ್ವರ, ಕೆಮ್ಮು, ಎದೆನೋವು. ಕ್ಷಯ ಎಂದೋ ನ್ಯುಮೋನಿಯಾ ಎಂದೋ ಬರೆದು ಮಾತ್ರೆ ಕೊಟ್ಟು ಕಳಿಸುತ್ತಾರೆ.

ಪ್ರಾಣಿಗೆ ಕದ್ದುಮುಚ್ಚಿ ಆಂಟಿಬಯೋಟಿಕ್ ಚುಚ್ಚಿಸುವವರೂ ಇದ್ದಾರೆ. ಅದರಿಂದ ಲಕ್ಷಣ ಅಡಗುತ್ತದೆ, ರೋಗಾಣು ಉಳಿಯುತ್ತದೆ, ಪ್ರಾಣಿ ಚೆನ್ನಾಗಿ ಕಾಣುತ್ತಲೇ ಹರಡುತ್ತದೆ. ಗ್ಲಾಂಡರ್ಸ್ ಸಂಶಯ ಇದ್ದಲ್ಲಿ ಅಂಥ ಇಂಜೆಕ್ಷನ್‌ಗಿಂತ ಅಪಾಯಕಾರಿ ಉಪಕಾರ ಬೇರೊಂದಿಲ್ಲ.

ಗಡಿಜಿಲ್ಲೆಯ ಪಶುವೈದ್ಯ

ನಿಮ್ಮ ಮಾತಿಗೆ ನನ್ನ ಪೂರ್ಣ ಸಹಮತ ಇದೆ. ಪ್ರಾಣಿಯನ್ನು ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆದರೆ ಮನೆಯವರು ಪ್ರಾಣಿಯನ್ನು ತೋರಿಸಿದರೆ ತಾನೇ ನೀವು ಹೇಳುವ ಕ್ರಮವೆಲ್ಲ ಜಾರಿಯಾಗುವುದು? ಕೂಲಿಯವನ ಜ್ವರಕ್ಕೆ ಸರಿಯಾದ ಹೆಸರು ಸಿಗುವುದೂ ಅವನ ಕತ್ತೆಗೆ ಏನಾಗಿತ್ತು ಎಂದು ಯಾರಾದರೂ ಕೇಳಿದಾಗಲೇ. ಪ್ರಾಣಿಗೆ ಗ್ಲಾಂಡರ್ಸ್ ಖಚಿತವಾದ ದಿನವೇ ಆ ಮನೆಯವರ ತಪಾಸಣೆ ಆಗಬೇಕು ಎಂದು 2019ರ ರಾಷ್ಟ್ರೀಯ ಗ್ಲಾಂಡರ್ಸ್ ಕ್ರಿಯಾಯೋಜನೆ ಬಂದಾಗಿನಿಂದ ನಾನು ಸಭೆಗಳಲ್ಲಿ ಹೇಳುತ್ತಲೇ ಇದ್ದೇನೆ. ಪಶುವೈದ್ಯರು ಒಂದು ಕಡೆ, ಮನುಷ್ಯರ ವೈದ್ಯರು ಇನ್ನೊಂದು ಕಡೆ ಇದ್ದರೆ ಈ ರೋಗ ನಡುವಿನಿಂದ ನುಸುಳಿ ಹೋಗುತ್ತದೆ.

ಭಟ್ಟಿ ಶಿಬಿರದ ಕಾರ್ಯಕರ್ತೆ

ನಮಸ್ಕಾರ. ನಾನು ಉತ್ತರ ಪ್ರದೇಶದ ಇಟ್ಟಿಗೆ ಭಟ್ಟಿಗಳಲ್ಲಿ ಪ್ರಾಣಿಗಳ ಆರೋಗ್ಯ ಶಿಬಿರಗಳಿಗೆ ಹೋಗುತ್ತಿದ್ದ ಕನ್ನಡತಿ. ಮಳೆ ನಿಂತ ಮೇಲೆ ಭಟ್ಟಿ ಶುರುವಾದರೆ ಜೂನ್‌ವರೆಗೆ ಹಸಿ ಇಟ್ಟಿಗೆಯನ್ನು ಗೂಡಿಗೆ ಸಾಗಿಸುವುದು ಈ ಪ್ರಾಣಿಗಳೇ. ಬೇರೆ ಬೇರೆ ಜಿಲ್ಲೆಗಳಿಂದ ಬಂದ ಕುದುರೆ, ಕತ್ತೆ, ಹೇಸರಗತ್ತೆಗಳು ಒಂದೇ ಸಿಮೆಂಟ್ ತೊಟ್ಟಿಯಲ್ಲಿ ಮೂತಿ ಅದ್ದುತ್ತವೆ. ದೇಶದಲ್ಲಿ ವರದಿಯಾಗುವ ಗ್ಲಾಂಡರ್ಸ್ ಪ್ರಕರಣಗಳಲ್ಲಿ ದೊಡ್ಡ ಪಾಲು ಆ ರಾಜ್ಯದ್ದೇ ಆಗಿರುವುದಕ್ಕೆ ಆ ತೊಟ್ಟಿಯೂ ಒಂದು ಕಾರಣ. ರೋಗಾಣು ಬಿಸಿಲಿಗೆ ಬೇಗ ಸಾಯುತ್ತದೆ, ನೆರಳಿನ ನೀರಿನಲ್ಲಿ ವಾರಗಳ ಕಾಲ ಬದುಕುತ್ತದೆ. ನಾವು ಕಂಡುಕೊಂಡ ಅತಿ ಅಗ್ಗದ ಕ್ರಮ ಎಂದರೆ ಪ್ರತಿ ಮನೆಯವರಿಗೂ ಬೇರೆ ಬಕೆಟ್, ತೊಟ್ಟಿಯನ್ನು ಖಾಲಿ ಮಾಡಿ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ ಬಿಸಿಲಿಗೆ ಒಣಗಲು ಬಿಡುವುದು.

ಆದರೆ ನಾನು ಬರೆಯಲು ಕುಳಿತದ್ದು ಬೇರೆ ಕಾರಣಕ್ಕೆ. ಈ ಚರ್ಚೆ ಪೂರ್ತಿ ಗ್ಲಾಂಡರ್ಸ್ ಸುತ್ತಲೇ ಸುತ್ತುತ್ತಿದೆ. ನನ್ನ ಕಣ್ಣೆದುರು ಸತ್ತ ಕತ್ತೆಗಳಲ್ಲಿ ಹೆಚ್ಚಿನವು ಧನುರ್ವಾಯುವಿನಿಂದ ಸತ್ತವು. ಅದು ಅಧಿಸೂಚಿತ (ಸರ್ಕಾರಕ್ಕೆ ವರದಿ ಮಾಡಲೇಬೇಕಾದ) ರೋಗವಲ್ಲ, ಸಮೀಕ್ಷೆಯೂ ಇಲ್ಲ, ಹಾಗಾಗಿ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆ ಜಾತಿಯಷ್ಟು ಸುಲಭವಾಗಿ ತುತ್ತಾಗುವುದು ಇನ್ನೊಂದಿಲ್ಲ. ಆ ರೋಗಾಣು ಇರುವುದು ಮಣ್ಣಿನಲ್ಲಿ, ಲದ್ದಿಯಲ್ಲಿ. ಭಟ್ಟಿಯ ನೆಲದ ತುಂಬ ತುಕ್ಕು ಹಿಡಿದ ಮೊಳೆ, ತಂತಿ. ಗೊರಸಿಗೆ ಚುಚ್ಚಿದ ಸಣ್ಣ ತೂತು ಮೇಲಿನಿಂದ ಮುಚ್ಚಿಕೊಳ್ಳುತ್ತದೆ, ಗಾಳಿಯಾಡದ ಒಳಭಾಗದಲ್ಲಿ ರೋಗಾಣು ಬೆಳೆದು ವಿಷ ಉಂಟುಮಾಡುತ್ತದೆ.

ಮೊದಲು ನಡಿಗೆ ಬಿಗಿಯುತ್ತದೆ. ಮಾಲೀಕ ಸೋಮಾರಿತನ ಎಂದುಕೊಂಡು ಹೊಡೆಯುತ್ತಾನೆ. ಆಮೇಲೆ ಕಿವಿಗಳು ನೆಟ್ಟಗೆ ನಿಲ್ಲುತ್ತವೆ, ಬಾಲ ಸೆಟೆಯುತ್ತದೆ, ನಾಲ್ಕು ಕಾಲನ್ನೂ ಅಗಲಿಸಿ ಮರದ ಬೆಂಚಿನಂತೆ ನಿಂತುಬಿಡುತ್ತದೆ. ಹಣೆಯ ಮೇಲೆ ಮೆಲ್ಲಗೆ ತಟ್ಟಿದರೆ ಕಣ್ಣಿನ ಒಳಮೂಲೆಯಿಂದ ಬಿಳಿಯ ಪೊರೆ ಸರ್ರನೆ ಕಣ್ಣಿಗೆ ಅಡ್ಡ ಬರುತ್ತದೆ. ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಬಾಯಿ ತೆರೆಯಲಾಗದೆ, ಎದುರಿಗೆ ಮೇವಿದ್ದೂ ತಿನ್ನಲಾಗದೆ ಸಾಯುತ್ತದೆ. ಇದಕ್ಕೆ ಲಸಿಕೆ ಇದೆ! ನಾಲ್ಕೈದು ವಾರಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಪಶುವೈದ್ಯರು ಹೇಳಿದಂತೆ ಬೂಸ್ಟರ್. ದುಬಾರಿಯದ್ದೂ ಅಲ್ಲ. ತಡೆಯಲು ಸಾಧ್ಯವಿದ್ದ ಸಾವು ಎಂಬುದೇ ನನಗೆ ಈಗಲೂ ಸಹಿಸಲಾಗದ ಸಂಗತಿ.

ಹಾಗೆಯೇ ಮೂಗು ಸುರಿದ ಕತ್ತೆಯೆಲ್ಲ ಗ್ಲಾಂಡರ್ಸ್ ಕತ್ತೆಯಲ್ಲ. ಸ್ಟ್ರಾಂಗಲ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ರೋಗದಲ್ಲೂ ಜ್ವರ, ಸಿಂಬಳ, ದವಡೆಯಡಿ ಊತ ಇರುತ್ತದೆ. ಅದು ಹೆಚ್ಚಾಗಿ ಎಳೆಯ ಪ್ರಾಣಿಗಳಿಗೆ ಬರುತ್ತದೆ. ಅಲ್ಲಿ ಗಡ್ಡೆ ಮೆತ್ತಗಾಗಿ ಒಡೆದು ಕೀವು ಹೋಗಿ, ಬಹುತೇಕ ಪ್ರಾಣಿಗಳು ಚೇತರಿಸಿಕೊಳ್ಳುತ್ತವೆ. ತಡಿ ಹೊತ್ತ ಮನೆಯ ಅಣ್ಣ ಹೇಳಿದ ಕತ್ತೆಗೆ ಅದೇ ಬಂದಿತ್ತೇನೋ. ಚೇತರಿಸಿಕೊಂಡ ಮೇಲೂ ಕೆಲವು ಪ್ರಾಣಿಗಳು ಗಂಟಲಿನ ಪಕ್ಕದ ಚೀಲಗಳಲ್ಲಿ ರೋಗಾಣುವನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಹರಡುತ್ತವೆ.

ಸೀರಂ ಮೇಜು

ಬಹಳ ಒಳ್ಳೆಯ ವಿವರ ಮೇಡಂ. ಕಾಲಿನ ಗಂಟುಗಳ ಬಗ್ಗೆಯೂ ಇದೇ ಎಚ್ಚರ ಬೇಕು. ಒಂದು ಶಿಲೀಂಧ್ರ ರೋಗವೂ ಹಾಗೆಯೇ ಸಾಲುಗಂಟು ಎಬ್ಬಿಸುತ್ತದೆ. ಇಥಿಯೋಪಿಯಾದ ಗಾಡಿ ಕುದುರೆಗಳಲ್ಲಿ ಅದು ಸಾಮಾನ್ಯ. ಕಣ್ಣಳತೆಯಲ್ಲಿ ತೀರ್ಮಾನ ಮಾಡದೆ ಮಾದರಿ ಕಳಿಸಲೇಬೇಕು.

ಎಳೆಗೂಸಿನ ತಾಯಿ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಬಡಾವಣೆಗೆ ಕತ್ತೆ ಹೊಡೆದುಕೊಂಡು ಬಂದು ಅಲ್ಲೇ ಹಿಂಡಿ ಹಾಲು ಕೊಡುವವರು ಬರುತ್ತಾರೆ. ಮಗುವಿಗೆ ಒಂದು ಒಳಲೆ ಕತ್ತೆ ಹಾಲು ಹಾಕಿದರೆ ಶೀತ, ಉಬ್ಬಸ ಬರುವುದಿಲ್ಲ ಎಂದು ನಮ್ಮ ಅಮ್ಮ ಹಟ ಹಿಡಿದಿದ್ದಾರೆ. ಇದನ್ನೆಲ್ಲ ಓದಿದ ಮೇಲೆ ಭಯವಾಗುತ್ತಿದೆ. ಮಗುವಿಗೆ ಇನ್ನೂ ಎರಡು ತಿಂಗಳು.

ನೀರು-ನೈರ್ಮಲ್ಯ

ಬೇಡ ತಾಯಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ಕತ್ತೆ ಹಾಲಿನ ಗುಣದೋಷದ ಮಾತು ಹಾಗಿರಲಿ, ಕಾಯಿಸದ ಯಾವ ಹಾಲೂ ಎಳೆಗೂಸಿಗೆ ಅಪಾಯವೇ. ಕಂದು ರೋಗ ಎಂದು ದನ ಸಾಕುವವರು ಹೇಳುವ ಬ್ರುಸೆಲ್ಲಾ ಕತ್ತೆಗಳಿಗೂ ತಗುಲಬಹುದು. ಹಿಂಡುವ ಕೈ, ಕೆಚ್ಚಲಿನ ಮೇಲಿನ ಕೊಳೆ, ಬೀದಿಯ ದೂಳು, ಇವುಗಳಿಂದ ಬರುವ ರೋಗಾಣುಗಳು ಬೇರೆ. ಅಮ್ಮನವರೊಂದಿಗೆ ಜಗಳವಾಡಬೇಡಿ, ಮಗುವಿನ ಡಾಕ್ಟರ ಬಳಿ ಜೊತೆಯಲ್ಲೇ ಕರೆದುಕೊಂಡು ಹೋಗಿ. ಅವರ ಬಾಯಿಂದ ಕೇಳಿದರೆ ಹಿರಿಯರು ಒಪ್ಪುತ್ತಾರೆ.

ತಡಿ ಹೊತ್ತ ಮನೆ

ಹಾಲು ಮಾರುವವರ ಹೊಟ್ಟೆಪಾಡನ್ನೂ ಯಾರಾದರೂ ನೆನೆಯಬೇಕು. ಊರೂರು ತಿರುಗುವ ಆ ಜನರ ಕತ್ತೆಗಳಿಗೆ ಯಾವ ಊರಿನ ಆಸ್ಪತ್ರೆಯ ಪುಸ್ತಕದಲ್ಲೂ ಹೆಸರಿಲ್ಲ. ಅತಿ ಹೆಚ್ಚು ತಿರುಗುವ ಪ್ರಾಣಿಗಳಿಗೆ ಅತಿ ಕಡಿಮೆ ತಪಾಸಣೆ.

ಹಳೆಯ ಕಡತ

ಇದು ಮುಖ್ಯವಾದ ಮಾತು. 2019ರ ಜಾನುವಾರು ಗಣತಿ ನೋಡಿ. ದೇಶದಲ್ಲಿ ಕತ್ತೆಗಳು 2012ರಲ್ಲಿ 3.2 ಲಕ್ಷ ಇದ್ದದ್ದು 1.2 ಲಕ್ಷಕ್ಕೆ ಇಳಿದಿವೆ, ಶೇ 61ರಷ್ಟು ಕುಸಿತ. ಹೇಸರಗತ್ತೆಗಳು ಸುಮಾರು 2 ಲಕ್ಷದಿಂದ 84 ಸಾವಿರಕ್ಕೆ. ಕರ್ನಾಟಕದ ಕತ್ತೆಗಳು ಸುಮಾರು 16 ಸಾವಿರದಿಂದ 9 ಸಾವಿರಕ್ಕೆ. ಯಂತ್ರ ಬಂದದ್ದು ಒಂದು ಕಾರಣ, ಚರ್ಮಕ್ಕಾಗಿ ನಡೆಯುವ ಕಳ್ಳಸಾಗಣೆ ಇನ್ನೊಂದು. ಆಫ್ರಿಕಾದ ದೇಶಗಳು 2024ರಲ್ಲಿ ಚರ್ಮಕ್ಕಾಗಿ ಕತ್ತೆಗಳ ವಧೆಯನ್ನು 15 ವರ್ಷ ನಿಷೇಧಿಸಲು ಒಪ್ಪಿದ್ದು ಇದೇ ಹೆದರಿಕೆಯಿಂದ. ನಮ್ಮ ರಾಜ್ಯದ್ದು ಒಂಬತ್ತು ಸಾವಿರ ಪ್ರಾಣಿಗಳ ಲೆಕ್ಕ. ಮನಸ್ಸು ಮಾಡಿದರೆ ಒಂದೊಂದನ್ನೂ ಮುಟ್ಟಿ ನೋಡಬಹುದಾದಷ್ಟು ಸಣ್ಣ ಸಂಖ್ಯೆ.

ಗಡಿಜಿಲ್ಲೆಯ ಪಶುವೈದ್ಯ

ಖಂಡಿತ ಸಾಧ್ಯ. ಆದರೆ ಮುಟ್ಟಿ ನೋಡಿದ ಮರುತಿಂಗಳು ಹೊಸ ಪ್ರಾಣಿಗಳು ಬಂದಿರುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪುಷ್ಯ ಹುಣ್ಣಿಮೆಗೆ ಪುಣೆ ಜಿಲ್ಲೆಯ ಜೆಜುರಿಯಲ್ಲಿ ಕತ್ತೆಗಳ ದೊಡ್ಡ ಸಂತೆ ಸೇರುತ್ತದೆ. ಗುಜರಾತಿನ ಕಾಠಿಯಾವಾಡದಿಂದಲೂ ಕತ್ತೆಗಳು ಬರುತ್ತವೆ, ನಮ್ಮ ಕಡೆಯಿಂದ ಕೊಳ್ಳುವವರು ಹೋಗುತ್ತಾರೆ. ಹಲ್ಲು ನೋಡಿ ವಯಸ್ಸು ಹೇಳುತ್ತಾರೆ, ಕಾಲು ಎತ್ತಿಸಿ ಗೊರಸು ನೋಡುತ್ತಾರೆ, ಮೂಗಿನೊಳಗೆ ಮಾತ್ರ ಯಾರೂ ನೋಡುವುದಿಲ್ಲ. 2006ರಲ್ಲಿ ಗ್ಲಾಂಡರ್ಸ್ ಮತ್ತೆ ತಲೆಯೆತ್ತಿದ್ದು ಅದೇ ಮಹಾರಾಷ್ಟ್ರದ ಪುಣೆ, ಪಂಚಗಣಿಯ ಕುದುರೆಗಳಲ್ಲಿ ಎಂಬುದನ್ನು ಮರೆಯಬಾರದು. ಉತ್ತರಾಖಂಡದಲ್ಲಿ ಯಾತ್ರೆಗೆ ಬರುವ ಹೇಸರಗತ್ತೆಗಳಿಗೆ ಗ್ಲಾಂಡರ್ಸ್ ಪರೀಕ್ಷೆಯ ಪ್ರಮಾಣಪತ್ರ ಕೇಳುತ್ತಾರೆ. ಸಂತೆಯಿಂದ ಗಡಿ ದಾಟುವ ಕತ್ತೆಗೂ ಅದೇ ನಿಯಮ ಏಕಿರಬಾರದು?

ಕೊಂಡು ತಂದವರಿಗೆ ನನ್ನ ವಿನಂತಿ ಇಷ್ಟೇ. ಹೊಸ ಕತ್ತೆಯನ್ನು ಮೂರು ವಾರ ಹಳೆಯವುಗಳ ಜೊತೆ ಕಟ್ಟಬೇಡಿ. ಬಕೆಟ್, ಮೇವಿನ ಚೀಲ, ತಡಿ, ಹಗ್ಗ ಎಲ್ಲವೂ ಬೇರೆ ಇರಲಿ. ಜ್ವರ ಅಥವಾ ಸಿಂಬಳ ಕಂಡರೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶುಚಿಕಿತ್ಸಾ ವಾಹನ ಬರುತ್ತದೆ. ಸತ್ತರೆ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ನೆರಡಿ ರೋಗದ (ಆಂಥ್ರಾಕ್ಸ್) ಸಾಧ್ಯತೆಯೂ ಇರುವುದರಿಂದ ವೈದ್ಯರು ಬರುವವರೆಗೆ ಹತ್ತಿರ ಯಾರನ್ನೂ ಬಿಡಬೇಡಿ.

ನಮ್ಮ ತಾಲೂಕಿನಲ್ಲಿ ಧನುರ್ವಾಯು ಲಸಿಕೆ, ಹಲ್ಲು ಮತ್ತು ಗೊರಸಿನ ಆರೈಕೆ, ಜಂತುಹುಳುವಿನ ಔಷಧಿ, ಇವೆಲ್ಲ ಸೇರಿದ ಕತ್ತೆ ಶಿಬಿರ ಮಾಡಬೇಕೆಂದಿದ್ದೇನೆ. ಗ್ಲಾಂಡರ್ಸ್ ರಕ್ತಪರೀಕ್ಷೆ ಅದರಲ್ಲಿ ಒಂದು ಭಾಗ. ಬರೀ ರಕ್ತ ತೆಗೆಯಲು ಕರೆದರೆ ಯಾರೂ ಬರುವುದಿಲ್ಲ. ಬಂದವರಿಗೆ ಏನಾದರೂ ಕೊಟ್ಟು ಕಳಿಸಬೇಕು. ತಡಿ ಹೊತ್ತ ಮನೆಯವರೇ, ನಿಮ್ಮ ದೊಡ್ಡಪ್ಪ ಬರುತ್ತಾರೆಯೇ?

ತಡಿ ಹೊತ್ತ ಮನೆ

ಅವರಿಗೆ ಈ ಚರ್ಚೆಯನ್ನು ಓದಿ ಹೇಳಿದೆ. ಧನುರ್ವಾಯುವಿನ ಭಾಗ ಕೇಳಿ ತಮ್ಮ ಹಳೆಯ ಕತ್ತೆಯೊಂದು ಹಾಗೆಯೇ ಸತ್ತಿತ್ತು ಎಂದರು. ಲಸಿಕೆ ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಬರಲು ಮೂರು ಷರತ್ತು ಹೇಳಿದ್ದಾರೆ. ಫಲಿತಾಂಶ ಯಾವ ದಿನ ಎಂದು ಚೀಟಿಯಲ್ಲಿ ಬರೆದುಕೊಡಬೇಕು. ಕತ್ತೆ ಹೋದರೆ ಎಷ್ಟು ಹಣ, ಯಾರು, ಯಾವಾಗ ಕೊಡುತ್ತಾರೆ ಎಂಬುದನ್ನು ಮೊದಲೇ ಕನ್ನಡದಲ್ಲಿ ಓದಿ ಹೇಳಬೇಕು. ಕಟ್ಟಿಹಾಕಿ ಎಂದರೆ ಆ ದಿನಗಳಿಗೆ ಏನಾದರೂ ದಾರಿ ತೋರಿಸಬೇಕು.

ಗಡಿಜಿಲ್ಲೆಯ ಪಶುವೈದ್ಯ

ಮೊದಲನೆಯದು ನನ್ನ ಕೈಯಲ್ಲಿದೆ, ಸಹಿ ಹಾಕಿ ಕೊಡುತ್ತೇನೆ. ಎರಡನೆಯದಕ್ಕೆ ಇಲಾಖೆಯ ಪರಿಹಾರದ ಆದೇಶವನ್ನು ತರಿಸಿ, ಶಿಬಿರಕ್ಕೆ ಮೊದಲು ಇಲ್ಲಿಯೂ ಹಾಕುತ್ತೇನೆ. ಮೂರನೆಯದಕ್ಕೆ ಸರ್ಕಾರದ ಕಡೆಯಿಂದ ಸದ್ಯ ನನ್ನ ಬಳಿ ಉತ್ತರವಿಲ್ಲ. ಗ್ರಾಮ ಪಂಚಾಯಿತಿಯವರೊಂದಿಗೆ ಮಾತನಾಡುತ್ತೇನೆ.

ಭಟ್ಟಿ ಶಿಬಿರದ ಕಾರ್ಯಕರ್ತೆ

ಮೂರನೆಯದಕ್ಕೆ ನಾವು ಭಟ್ಟಿಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಕಟ್ಟಿಹಾಕಿದ ಪ್ರಾಣಿಯ ಮೇವನ್ನು ಶಿಬಿರದ ಖರ್ಚಿಗೆ ಸೇರಿಸಿದೆವು. ಆ ದಿನಗಳಲ್ಲಿ ಮಾಲೀಕನಿಗೆ ಇಟ್ಟಿಗೆ ಜೋಡಿಸುವ ಕೂಲಿ ಕೊಡುವಂತೆ ಭಟ್ಟಿಯವರನ್ನು ಒಪ್ಪಿಸಿದೆವು. ಎಲ್ಲರೂ ಒಪ್ಪಲಿಲ್ಲ. ಒಪ್ಪಿದ ಕಡೆ ಒಂದು ಪ್ರಾಣಿಯೂ ರಾತ್ರೋರಾತ್ರಿ ಮಾಯವಾಗಲಿಲ್ಲ. ಶಿಬಿರದ ದಿನ ತಿಳಿಸಿ ಡಾಕ್ಟರೇ, ನಾನೂ ಬರುತ್ತೇನೆ. ಲಸಿಕೆಯ ತಂಪುಪೆಟ್ಟಿಗೆ ನನ್ನ ಬಳಿ ಇದೆ.